ಗಂಟೆ ಹೊಡೆದರೆ ಏಳುವ ಕೈ

ನನ್ನ ಸೋದರಮಾವನ ಬಲಗೈ ಅವರ ಮಾತು ಕೇಳುವುದಿಲ್ಲ, ಗಂಟೆಯ ಮಾತನ್ನಷ್ಟೇ ಕೇಳುತ್ತದೆ. ನಾನು ವಿಜ್ಞಾನ ಓದುತ್ತಿರುವವಳು. ರಜೆಯಲ್ಲಿ ಅವರ ಮನೆಯಲ್ಲಿದ್ದು, ಕಣ್ಣಾರೆ ನೋಡಿಯೇ ಬರೆಯುತ್ತಿದ್ದೇನೆ.

ಮಾವ ಊರಿಗಾಂ ಚಿನ್ನದ ಗಣಿಯೊಳಗೆ ಮರದ ಆಸರೆ ನಿಲ್ಲಿಸುವವರು. ಜಾರಿದ ದಿಮ್ಮಿಯೊಂದನ್ನು ಬಲಗೈಯಲ್ಲಿ ತಡೆದರು. ದಿಮ್ಮಿ ನಿಂತಿತು, ಭುಜದ ಮಾಂಸವನ್ನು ಮೂಳೆಗೆ ಹಿಡಿದಿಡುವ ನಾರು ಹರಿಯಿತು. ಡಾಕ್ಟರು ಅದನ್ನು ಹೊಲಿದು, ಆರು ವಾರ ಕೈಯನ್ನು ಕೊರಳಿಗೆ ಜೋಲಿ ಕಟ್ಟಿದರು. ಬಿಚ್ಚುವ ಹೊತ್ತಿಗೆ ಭುಜ ಬತ್ತಿಹೋಗಿತ್ತು. ದಿನಾ ಗೋಡೆಯ ಮೇಲೆ ಬೆರಳು ಹತ್ತಿಸಬೇಕು, ಕೈ ತಲೆಯ ಮೇಲಕ್ಕೆ ಹೋಗದಿದ್ದರೆ ಗಣಿಯೊಳಗಿನ ಕೆಲಸ ಮರೆಯಬೇಕು ಎಂದರು.

ಗಣಿಯಲ್ಲಿ ಜನರನ್ನು ಮೇಲೆತ್ತುವ ಕೇಜು ಗಂಟೆಯಿಲ್ಲದೆ ಕದಲುವುದಿಲ್ಲ. ಮೂರು ಸಲ ಹೊಡೆದರೆ ಜನ ಇದ್ದಾರೆ, ಹುಷಾರು ಎಂದರ್ಥ. ಚಲಿಸುವಾಗ ಒಂದು ಸಲ ಹೊಡೆದರೆ ನಿಲ್ಲಿಸು ಎಂದು. ಮಾವ ತಮ್ಮ ಕೈಗೂ ಅದೇ ಕಾನೂನು ಮಾಡಿಕೊಂಡರು. ಅತ್ತೆ ಚೊಂಬಿಗೆ ಸೌಟಿನಿಂದ ಮೂರೇಟು ಹೊಡೆದ ಮೇಲೇ ಬೆರಳು ಗೋಡೆ ಹತ್ತುವುದು.

ಒಂದು ದಿನ ಕೈ ಎದೆಯ ಮಟ್ಟಕ್ಕೆ ಬಂದಾಗ ಸೌಟು ಜಾರಿ ಚೊಂಬಿಗೆ ಒಂದೇಟು ಬಿತ್ತು. ಅತ್ತೆ ಮುದ್ದೆ ತೊಳಸಿ ಬಂದು ನೋಡಿದರೆ ಮಾವ ಹಾಗೇ ನಿಂತಿದ್ದಾರೆ!

"ಇದೇನ್ ಇಂಗ್ ನಿಂತಿದೀರಾ?"

"ನೀನೇ ನಿಲ್ಸಿದ್ದಲ್ಲೇ."

"ನೋಡಮ್ಮಣ್ಣಿ ನಿಮ್ಮಾವನ್ನ," ಎಂದು ಅತ್ತೆ ನನ್ನತ್ತ ತಿರುಗಿದರು. "ಇಷ್ಟು ವರ್ಸ ನಾನು ಕೂಗ್ದಾಗ ಒಂದ್ ದಪನಾದ್ರೂ ನಿಂತವ್ರಾ?"

ಪಕ್ಕದ ಮನೆಯ ತಮಿಳು ಅಜ್ಜಿ ಪೂಜೆಯ ಗಂಟೆ ಬಾರಿಸಿದರೂ ಮಾವನ ಕೈ ಏಳತೊಡಗಿತು. ಅಜ್ಜಿ ಕಿಟಕಿಯಿಂದ ನೋಡಿ, "ಎನ್ನ ಭಕ್ತಿ ಪಾರು" ಎಂದು ಮಾವನ ಭಕ್ತಿಗೆ ಬೆರಗಾಗಿ ಪೊಂಗಲ್ ಕಳಿಸಿದರು. ಪಾತ್ರೆ ಖಾಲಿಯಾಗುವವರೆಗೆ ಮಾವ ಅವರನ್ನು ತಿದ್ದಲಿಲ್ಲ.

ಆಸ್ಪತ್ರೆಗೆ ಜೊತೆಗೆ ಹೋದವಳು ನಾನು. ಡಾಕ್ಟರು "ಕೈ ಎತ್ತಿ" ಎಂದರು. ಮಾವ ನನ್ನ ಮುಖ ನೋಡಿದರು. ಬೇರೆ ದಾರಿ ಕಾಣದೆ ನನ್ನ ಪೆನ್ನಿನಿಂದ ಮೇಜಿನ ಮೇಲಿದ್ದ ಸ್ಟೀಲು ತಟ್ಟೆಗೆ ಮೂರು ಸಲ ಬಡಿದೆ. ಕೈ ಭುಜದ ಮಟ್ಟಕ್ಕೆ ಬಂದು ನಿಂತಿತು. ಡಾಕ್ಟರು ಮಾವನನ್ನು ಬಿಟ್ಟು ನನ್ನನ್ನು ಪರೀಕ್ಷಿಸುವಂತೆ ನೋಡಿದರು.

"ಹೊಲಿಗೆ ಗಟ್ಟಿಯಾಗಿ ಕೂಡಿದೆ. ಇನ್ನೂ ಯಾಕೆ ಮೇಲೆ ಬರುತ್ತಿಲ್ಲ?"

ಮಾವ ಉತ್ತರ ಕೊಟ್ಟದ್ದು ಹೊರಗೆ ಬಂದ ಮೇಲೆ, ನನಗೆ.

"ನಾನಾಗೇ ಎತ್ತಿದ್ರೆ ಎಲ್ಲಿ ಮತ್ತೆ ಕಿತ್ಕೊಂತದೋ ಅಂತ ಭಯ ಕಣಮ್ಮಣ್ಣಿ. ಬೇರೆಯೋರು ಗಂಟೆ ಒಡೆದ್ರೆ, ನೋಡ್ಕೊಳ್ಳೋರು ಒಬ್ರವ್ರೆ ಅಂತ ಧೈರ್ಯ."

ಅಲ್ಲಿಯವರೆಗೆ ನಗುತ್ತಿದ್ದ ನಾನು ಮಾವನ ಬಲಗಡೆಗೆ ಬಂದು ನಡೆದೆ.

ರಜೆ ಮುಗಿದು ನಾನು ಹೊರಟ ದಿನ ಮಾವ ಬಂಗಾರಪೇಟೆಯವರೆಗೆ ಬಂದರು. ರೈಲು ಹತ್ತಿಸಿ, ಪ್ಲಾಟ್‌ಫಾರ್ಮಿನಲ್ಲಿ ನಿಂತು, ಕಾಲೇಜಿನ ಊಟ ಸರಿಯಿಲ್ಲವೆಂದು ನನಗೇ ವಿವರಿಸುತ್ತಿದ್ದರು. ಸೀಟಿ ಕೂಗಿತು. "ಅಯ್ಯೋ, ಮರ್ತೇಬಿಟ್ಟೆ" ಎಂದು ಎಡಗೈಯಲ್ಲಿದ್ದ ಚೀಲದಿಂದ ಹುರಿದ ಕಡಲೆಕಾಯಿಯ ಪೊಟ್ಟಣ ತೆಗೆದು ಕಿಟಕಿಗೆ ಚಾಚಿದರು. ಪ್ಲಾಟ್‌ಫಾರ್ಮು ತಗ್ಗು, ಕಿಟಕಿ ಅವರ ತಲೆಗಿಂತ ಒಂದು ಗೇಣು ಮೇಲಿತ್ತು.

ಚಾಚಿದ್ದು ಬಲಗೈ, ಯಾವ ಗಂಟೆಯೂ ಇಲ್ಲದೆ. ಅವರಿಗೆ ಗೊತ್ತಾಗಿರಲಿಲ್ಲ. "ಇಡ್ಕೊ, ಇಡ್ಕೊ" ಎನ್ನುತ್ತಿದ್ದರು.

ನಾನು ಪೊಟ್ಟಣ ತೆಗೆದುಕೊಳ್ಳಲು ಸ್ವಲ್ಪ ತಡ ಮಾಡಿದೆ.