ರೌಟರಿಗೆ ಪ್ರೋಕ್ಷಣೆ

ನಮ್ಮ ಕಾಕಾ ನೀರು ಚಿಮುಕಿಸದೆ ಮನೆಯೊಳಗೆ ಬಿಟ್ಟುಕೊಂಡದ್ದು ಇಡೀ ಜನ್ಮದಲ್ಲಿ ಕಾಕುವನ್ನು ಮಾತ್ರ. ಅದೂ ಮದುವೆ ಮಂಟಪದಲ್ಲಿ ಭಟ್ಟರು ಮೊದಲೇ ಚಿಮುಕಿಸಿದ್ದರು ಅಂತ ಇರಬೇಕು!

ತರಕಾರಿ ಇರಲಿ, ಖುರ್ಚಿ ಇರಲಿ, ದುರಸ್ತಿಯಾಗಿ ಬಂದ ಫ್ಯಾನು ಇರಲಿ, ಬ್ರಹ್ಮಪುರದ ಆ ಮನೆಯ ಹೊಸ್ತಿಲಲ್ಲಿ ಒಂದು ಗಳಿಗೆ ನಿಲ್ಲಲೇಬೇಕು. ಕಾಕಾ ಪೂಜೆಯ ಪುಟ್ಟ ಚಮಚದಲ್ಲಿ ನೀರು ತಂದು ಪ್ರೋಕ್ಷಣೆ ಮಾಡಿದ ಮೇಲೆಯೇ ಪ್ರವೇಶ. ಖೂಬಾ ಪ್ಲಾಟಿನ ನಮ್ಮ ಮನೆಯಿಂದ ನಾನು ಹೋದಾಗಲೆಲ್ಲ ನನ್ನ ಬ್ಯಾಗಿಗೂ ಈ ಮರ್ಯಾದೆ ಆಗುತ್ತಿತ್ತು.

ಇಂಥ ಮನೆಗೆ ಇಂಟರ್ನೆಟ್ ಬಂತು ಅಂದರೆ ನಂಬುತ್ತೀರಾ? ಬಂತು. ಕಾರಣ ಕಮಲಾಪುರದ ಅತ್ಯಾ. ಅತ್ಯಾ ಅಂದರೆ ಕಾಕಾನ ಅಕ್ಕ, ತಾಯಿ ಬೇಗ ಹೋದ ಮೇಲೆ ಕಾಕಾನನ್ನು ಎತ್ತಿ ಆಡಿಸಿದವಳು. ವಯಸ್ಸಾದಂತೆ ಅವಳ ಕಿವಿ ಪೂರ್ತಿ ಹೋಯಿತು. ಫೋನು ಉಪಯೋಗಕ್ಕೆ ಬಾರದಾಯಿತು. ಎದುರಿನವರ ತುಟಿ ನೋಡಿ ಮಾತ್ರ ಮಾತು ತಿಳಿದುಕೊಳ್ಳುತ್ತಿದ್ದಳು. ಎದುರಿಗೆ ಹೋಗಿ ಕೂಡೋಣವೆಂದರೆ ಕಾಕಾನ ನಡ ಹಿಡಿದಿತ್ತು, ಡಾಕ್ಟರು ಬಸ್ಸು ಹತ್ತಬಾರದು ಎಂದಿದ್ದರು. ಕಮಲಾಪುರ ಮಹಾ ಎಷ್ಟು ದೂರ? ಆದರೂ ಅಕ್ಕ ತಮ್ಮ ಮಾತಾಡಿ ತಿಂಗಳುಗಳೇ ಆಗಿದ್ದವು.

ಅತ್ಯಾನ ಸೊಸೆ ಅಲ್ಲಿಯ ಶಾಲೆಯಲ್ಲಿ ಟೀಚರು. ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಅತ್ಯಾನನ್ನು ಕಂಪ್ಯೂಟರಿನ ಕ್ಯಾಮೆರಾ ಮುಂದೆ ಕೂಡಿಸುತ್ತೇನೆ ಎಂದಳು. ಸರಿ, ಇತ್ತ ಕಾಕಾನ ಮನೆಗೂ ಕಂಪ್ಯೂಟರು, ಕ್ಯಾಮೆರಾ, ಹಸಿರು ದೀಪ ಮಿಣುಕಿಸುವ ರೌಟರು ಎಲ್ಲ ಬಂದವು. ಟೆಲಿಫೋನಿನ ತಂತಿ ದೇವರ ಕೋಣೆಯ ಗೋಡೆಗೆ ಇದ್ದದ್ದರಿಂದ ರೌಟರಿಗೆ ಅಲ್ಲೇ, ಗಂಟೆಯ ಪಕ್ಕದ ಗೂಡಿನಲ್ಲಿ ಜಾಗ ಸಿಕ್ಕಿತು.

ಅಂದಿನಿಂದ ಶುರುವಾಯಿತು ನೋಡಿ. ಬೆಳಿಗ್ಗೆ ಅತ್ಯಾನ ಮುಖ ಬರುವುದು, ನಿಲ್ಲುವುದು, ಹೋಗುವುದು. ಒಮ್ಮೆ ಅವಳು ‘ತಿಂತೀ ಏನು’ ಎಂಬಂತೆ ಕೆಂಪು ಬಾಳೆಹಣ್ಣು ಎತ್ತಿ ತೋರಿಸಿದ ಹೊತ್ತಿಗೇ ಚಿತ್ರ ನಿಂತಿತು. ಕಾಕಾ ಬಹಳ ಹೊತ್ತು ಬಾಳೆಹಣ್ಣಿನ ಮುಖ ನೋಡುತ್ತ ಕೂತರು.

ಲೈನ್‌ಮನ್ ಬರುತ್ತಿದ್ದುದು ಮಧ್ಯಾಹ್ನ. ಅಷ್ಟೊತ್ತಿಗೆ ಎಲ್ಲ ಸರಿ ಇರುತ್ತಿತ್ತು.

"ಚಾಲೂ ಅದ ಅಲ್ರೀ ಸಾಹೇಬ್ರ," ಎನ್ನುತ್ತಿದ್ದ.

"ಮುಂಜಾನೆ ಬಾರೋ, ಆಗ ತಿಳೀತದ."

"ಮುಂಜಾನೆ ನಮ್ಮ ಆಫೀಸೇ ಚಾಲೂ ಇರಂಗಿಲ್ರೀ."

ಇನ್ನೂ ಒಂದು ಸೋಜಿಗವಿತ್ತು. ಏಕಾದಶಿ ದಿನ ಮಾತ್ರ ಬೆಳಿಗ್ಗೆಯಿಂದ ಸಂಜೆತನಕ ಇಂಟರ್ನೆಟ್ ಪೂರ್ತಿ ಬಂದ್. "ಇವರ ಸಹವಾಸಕ್ಕ ಬಿದ್ದು ಅದೂ ಉಪವಾಸ ಹಿಡದದ," ಎಂದಳು ಕಾಕು.

ಒಂದು ರಾತ್ರಿ ನಾನು ಅಲ್ಲೇ ಉಳಿದೆ. ಬೆಳಿಗ್ಗೆ ಪೂಜೆ ಮುಗಿಸಿದ ಕಾಕಾ ನೀರಿನ ಪಾತ್ರೆ ಹಿಡಿದು ಗೂಡಿನ ಹತ್ತಿರ ಹೋದರು. ಮಂತ್ರ ಹೇಳುತ್ತ ರೌಟರಿನ ಮೇಲೆ, ಅದರ ತಂತಿ ಸಿಕ್ಕಿಸಿದ ತೂತಿನ ಮೇಲೆ ಧಾರಾಳವಾಗಿ ಚಿಮುಕಿಸಿದರು. ಹಸಿರು ದೀಪಗಳು ಒಂದೊಂದಾಗಿ ಆರಿಹೋದವು.

"ಕಾಕಾ, ಇದೇನು ಮಾಡ್ಲಿಕ್ಕತ್ತೀರಿ?"

"ಪ್ರೋಕ್ಷಣಾ. ತರಕಾರಿ ಬಂದಾಗ ಒಮ್ಮೆ ಮಾಡಿದ್ರ ಸಾಕು. ಇದರಾಗ ದಿನಾ ಹೊಸಾದು ಬರ್ತದ. ಎಲ್ಲೆಲ್ಲಿಂದ ಬರ್ತದೋ, ಯಾರ ಬಲ್ಲರು?"

"ಏಕಾದಶಿ ದಿನ?"

"ಅವತ್ತ ಅಭಿಷೇಕದ ನೀರು ಜಾಸ್ತಿ ಇರ್ತದಲ್ಲೋ."

ಕಾಕು ಬಾಗಿಲಲ್ಲಿ ನಿಂತು ತಣ್ಣಗೆ ಹೇಳಿದಳು: "ಅದಕ್ಕೇ ನಾ ಮಿಕ್ಸರ್ ತಗೊಂಡು ಹೋಗಿ ಹಾಸಗಿ ಹಿಂದ ಬಚ್ಚಿಟ್ಟೀನಿ."

ನಾನು ವಿಷಯ ಬಿಡಿಸಿ ಹೇಳಿದೆ. ನೀರು ಬಿದ್ದರೆ ಲೈನು ಹೋಗುತ್ತದೆ, ಮಧ್ಯಾಹ್ನ ಒಣಗಿದ ಮೇಲೆ ಬರುತ್ತದೆ, ಅಷ್ಟೊತ್ತಿಗೆ ಸೊಸೆ ಶಾಲೆಯಲ್ಲಿರುತ್ತಾಳೆ. ನೀರು ಬೇಕೋ, ಅಕ್ಕ ಬೇಕೋ, ನೀವೇ ಹೇಳಿರಿ ಎಂದೆ. ನಾಲ್ಕು ದಶಕ ಬಿಡದ ನೇಮ, ಪಾಪ, ಕಾಕಾನ ಮುಖ ಸಣ್ಣದಾಗಿತ್ತು.

ಆ ರಾತ್ರಿಯೂ ನಾನು ಅಲ್ಲೇ ಉಳಿದೆ. ಮರುದಿನ ಕಾಕಾ ಪೂಜೆ ಮುಗಿಸಿ ಮತ್ತೆ ಗೂಡಿನ ಎದುರು ನಿಂತರು. ನಾನೂ ಕಾಕುವೂ ಬಾಗಿಲಲ್ಲಿ ನಿಂತು ನೋಡಿದೆವು. ಚಮಚದ ನೀರನ್ನು ರೌಟರಿಗೆ ದೂರದಿಂದ ತೋರಿಸಿದರು. ಮಂತ್ರ ಹೇಳಿದರು. ಆ ನೀರನ್ನು ತಮ್ಮ ತಲೆಯ ಮೇಲೇ ಚಿಮುಕಿಸಿಕೊಂಡರು.

"ದೇವರು ಮನ್ಯಾಗೇ ಅದಾನ, ನಾಳೆ ಕೇಳಿದ್ರ ಉತ್ತರಾ ಹೇಳ್ತೀನಿ. ಅಕ್ಕ ಕಮಲಾಪುರದಾಗ ಅದಾಳ," ಎಂದರು.

ಆ ಬೆಳಿಗ್ಗೆ ಅತ್ಯಾ ಬಂದವಳು ಹೋಗಲಿಲ್ಲ. ಕಾಕಾ ಸಂತೋಷ ತಡೆಯಲಾರದೆ ಓಣಿಗೆಲ್ಲ ಕೇಳುವಂತೆ ಒದರತೊಡಗಿದರು: "ಅಕ್ಕಾ! ನಾಷ್ಟಾ ಆತೇನು? ಔಷಧಾ ತಗೊಂಡೀ?"

"ಕಾಕಾ, ಅತ್ಯಾಗ ಹೆಂಗಿದ್ರೂ ಕೇಳಸಂಗಿಲ್ಲ, ಯಾಕ ಒದರ್ತೀರಿ?" ಎಂದೆ.

"ಒದರಿದ್ರ ಬಾಯಿ ಚಂದಾಗಿ ತೆರೀತದೋ. ಆಕೀಗೆ ಓದ್ಲಿಕ್ಕೆ ಬರಬೇಕಲ್ಲ."

ಪರದೆಯಲ್ಲಿ ಅತ್ಯಾ ಮುಂದೆ ಬಾಗಿ ತಮ್ಮನನ್ನೇ ನೋಡಿದಳು.

"ಮೆಲ್ಲಕ ಮಾತಾಡೋ ತಮ್ಮಾ. ಕೊರಳ ನರಾ ಉಬ್ಬ್ಯಾವ, ಗಂಟಲಾ ನೋಯ್ತದ. ನೀ ಅಂದದ್ದು ನನಗ ತಿಳೀತದ."

ಕಾಕಾ ಕಣ್ಣು ಒರೆಸಿಕೊಂಡು ಮತ್ತೆ ಮಾತಾಡಿದರು. ಏನು ಹೇಳಿದರೋ, ಪಕ್ಕದಲ್ಲಿ ಕೂತಿದ್ದ ನನಗೇ ಕೇಳಿಸಲಿಲ್ಲ. ಕಮಲಾಪುರದಲ್ಲಿ ಅತ್ಯಾ ನಕ್ಕಳು.