ಪೆಟ್ಟಿಗೆಯೊಳಗಿನ ಅಳಿಯ

ಅಳಿಯ ಮಾಡಿದ ತಪ್ಪು ಇಷ್ಟೇ: ಮಾವ ತಂದುಕೊಟ್ಟ ಪ್ರಯಾಣದ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿ ಮರೆತುಬಿಟ್ಟಿದ್ದ.

ಅದು ನಾಯಿಯ ಪೆಟ್ಟಿಗೆ. ಕಬ್ಬಿಣದ ಜಾಲರಿ, ಕೆಳಗೆ ಗಾಲಿ, ಮುಂದೆ ಚಿಲಕದ ಬಾಗಿಲು. "ಹೊರಡೋಕೆ ಮುಂಚೆ ದಿನಾ ಸ್ವಲ್ಪ ಹೊತ್ತು ಅದರೊಳಗೆ ಕೂರಿಸಿ ಅಭ್ಯಾಸ ಮಾಡಿಸಿ, ಆಗ ರೈಲಲ್ಲಿ ಹೆದರಲ್ಲ" ಎಂದು ಪಶುವೈದ್ಯೆ ಹೇಳಿದ್ದರು. ಮಾವ ಆ ಕೆಲಸವನ್ನು ಅಳಿಯನಿಗೆ ಒಪ್ಪಿಸಿದ್ದರು. ಅಳಿಯ "ಆಯ್ತು ಮಾವ" ಎಂದಿದ್ದ. ಅವನು ಎಲ್ಲದಕ್ಕೂ ಹಾಗೇ ಅನ್ನುತ್ತಿದ್ದ, ಕೆಲಸ ಮಾತ್ರ ಆಗುತ್ತಿರಲಿಲ್ಲ.

ಉಳಿದ ಮುನ್ನೆಚ್ಚರಿಕೆಯನ್ನೆಲ್ಲ ಮಾವ ತಾವೇ ನೋಡಿಕೊಂಡಿದ್ದರು. ಚುಚ್ಚುಮದ್ದು, ಜಂತುಹುಳದ ಮಾತ್ರೆ, ಉಣ್ಣಿ ಹತ್ತದಂತೆ ಬೆನ್ನಿಗೆ ಔಷಧಿ, ಮೇಲೆ ಹಲ್ಲುಜ್ಜುವ ಸೇವೆ ಬೇರೆ. ಅಳಿಯ ಕೆಮ್ಮಿದರೆ ಮಾತ್ರ, "ಆಚೆ ಹೋಗಿ ಕೆಮ್ಮಿ ಅಳಿಯಂದ್ರೇ, ದೊರೆಗೆ ಅಂಟೀತು" ಎನ್ನುತ್ತಿದ್ದರು.

ದೊರೆ ಎಂದರೆ ನಾಯಿ. ಕರುವಿನಷ್ಟು ಗಾತ್ರ. ಊರಿನಿಂದ ಮಾವನ ಜೊತೆ ಮಗಳ ಮನೆಗೆ ಬಂದ ದಿನವೇ ಅಳಿಯನ ಮಂಚ ಹತ್ತಿದ್ದು ಇಳಿದಿರಲಿಲ್ಲ. ಅಳಿಯನಿಗೆ ಹಾಸಿಗೆ ಅಂಗಡಿಯಲ್ಲಿ ಕೆಲಸ. ದಿನವಿಡೀ ಗಿರಾಕಿಗಳಿಗೆ "ಇದರ ಮೇಲೆ ಮಲಗಿದ್ರೆ ಬೆನ್ನುನೋವು ಅನ್ನೋದೇ ಇಲ್ಲ" ಎಂದು ಹೇಳಿ, ಮನೆಗೆ ಬಂದು ಚಾಪೆಯ ಮೇಲೆ ಮಲಗಿ, ಬೆಳಿಗ್ಗೆ ಸೊಂಟ ಹಿಡಿದುಕೊಂಡು ಏಳುತ್ತಿದ್ದ.

ಇವತ್ತು ಮಧ್ಯಾಹ್ನದ ರೈಲಿಗೆ ಮಾವನೂ ದೊರೆಯೂ ಹೊರಡುವವರಿದ್ದರು. ಆ ಸಂಭ್ರಮಕ್ಕೆ ಅಳಿಯ ಅಂಗಡಿಗೆ ಜ್ವರವೆಂದು ಫೋನು ಮಾಡಿ ರಜ ಹಾಕಿದ್ದ. ಪೆಟ್ಟಿಗೆ ಇಳಿಸಿ ಧೂಳು ಒರೆಸಿದ. ದೊರೆ ಅದನ್ನೊಮ್ಮೆ ಮೂಸಿ, ಹೋಗಿ ಊಟದ ಮೇಜಿನ ಕೆಳಗೆ ಕೂತುಬಿಟ್ಟಿತು. ಕರೆದರೂ ಬರಲಿಲ್ಲ, ಎಳೆದರೂ ಅಲುಗಲಿಲ್ಲ.

"ಅದು ಬರದಿದ್ರೆ ನಾನೂ ಹೋಗಲ್ಲ. ಅದನ್ನ ಬಿಟ್ಟು ಹೇಗೆ ಇರ್ಲಿ?" ಎಂದರು ಮಾವ, ಚಪ್ಪಲಿ ಬಿಚ್ಚುತ್ತ.

ಅಳಿಯ ಆ ಚಪ್ಪಲಿಯನ್ನು ಮತ್ತೆ ಮಾವನ ಕಾಲ ಬಳಿಗೇ ಸರಿಸಿದ.

ಗಲಾಟೆ ಕೇಳಿ ಮಹಡಿ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಇಳಿದು ಬಂದರು. ಕತ್ತಿನಲ್ಲಿ ಅಳತೆ ಟೇಪು ಹಾಕಿಕೊಂಡೇ ಎದುರು ಮನೆಯ ಟೈಲರಮ್ಮನೂ ಬಂದರು.

"ಆರ್ಡರ್ ಕೊಡ್ಬೇಕು ರೀ! ಏಳ್! ಎದ್ದು ನಿಲ್!" ಎಂದು ಮೇಷ್ಟ್ರು ಗುಡುಗಿದರು.

ಅಳಿಯ ಎದ್ದು ನಿಂತ. ದೊರೆ ಆಕಳಿಸಿತು.

"ಹೊಸದು ಅಂತ ಹೆದರ್ತಾ ಇದೆ ಪಾಪ," ಎಂದರು ಟೈಲರಮ್ಮ. "ಮಗು ಅಂಗಿ ಬೇಡ ಅಂತ ಹಠ ಮಾಡಿದ್ರೆ ನಾನು ಮೊದ್ಲು ಅವರಪ್ಪನಿಗೆ ತೊಡಿಸಿ ತೋರಿಸ್ತೀನಿ. ಯಾರಾದ್ರೂ ಒಳಗೆ ಹೋಗಿ ಕೂತ್ಕೊಳ್ಳಿ."

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಮೇಷ್ಟ್ರು ತಮ್ಮ ಹೊಟ್ಟೆ ನೋಡಿಕೊಂಡರು. ಮಾವ ಮಂಡಿ ಹಿಡಿದುಕೊಂಡರು. ಟೈಲರಮ್ಮ ಪೆಟ್ಟಿಗೆಯನ್ನು ಅಳೆದು, ಅಳಿಯನನ್ನೂ ಅಳೆದು, "ಮಡಚಿದ್ರೆ ಹಿಡೀತಾರೆ" ಎಂದು ತೀರ್ಪು ಕೊಟ್ಟರು.

"ಒಂದು ನಿಮಿಷ ತಾನೇ, ಹೋಗಿ ರೀ," ಎಂದಳು ಹೆಂಡತಿ.

ಅಳಿಯ ಅಂಬೆಗಾಲಿಟ್ಟು ಒಳಹೊಕ್ಕ. "ಬಾ ದೊರೆ, ಎಷ್ಟು ಚೆನ್ನಾಗಿದೆ ನೋಡು" ಎಂದು ಹಲ್ಲುಕಿರಿದ. ಏನಾಶ್ಚರ್ಯ! ದೊರೆ ಎದ್ದು ಬಂತು. ಸಂತೋಷ ತಡೆಯಲಾರದೆ ಮೇಷ್ಟ್ರು "ಶಹಬ್ಬಾಸ್!" ಎಂದು ಪೆಟ್ಟಿಗೆಗೆ ಒಂದು ಗುದ್ದಿದರು. ಬಾಗಿಲು ಧಡ್ ಎಂದು ಮುಚ್ಚಿತು, ಚಿಲಕ ಕಚ್ಚಿಕೊಂಡಿತು. ಮಾವ ಎಳೆದರು, ಬರಲಿಲ್ಲ. ಮೇಷ್ಟ್ರು ಎಳೆದರು, ಹಿಡಿಕೆ ಮಾತ್ರ ಕೈಗೆ ಬಂತು.

ಬಾವಿಗೆ ಬಿದ್ದವನಿಗೆ ಆಳಿಗೊಂದು ಕಲ್ಲು. "ಉಸಿರು ಬಿಗಿಹಿಡೀರಿ" ಎಂದರು ಮೇಷ್ಟ್ರು. "ಎಣ್ಣೆ ಹಚ್ಚಿ" ಎಂದರು ಟೈಲರಮ್ಮ, ಯಾರಿಗೆಂದು ಹೇಳಲಿಲ್ಲ. ಹೆಂಡತಿ ಜಾಲರಿಯ ಸಂದಿಯಲ್ಲಿ ಬಿಸ್ಕತ್ತು ತೂರಿಸಹೋದಳು.

"ಬೇಡಮ್ಮ!" ಮಾವ ತಡೆದರು. "ಪ್ರಯಾಣಕ್ಕೆ ಮುಂಚೆ ಹೊಟ್ಟೆ ಖಾಲಿ ಇರ್ಬೇಕು ಅಂತ ಡಾಕ್ಟ್ರಮ್ಮ ಹೇಳಿದಾರೆ. ಬೇಕಾದ್ರೆ ಎರಡು ಗುಟುಕು ನೀರು ಕೊಡು."

"ಮಾವ, ನಾನು ನಾಯಿ ಅಲ್ಲ!"

"ಕುಲುಕಾಟಕ್ಕೆ ವಾಂತಿ ಯಾರಿಗಾದ್ರೂ ಬರುತ್ತೆ ಅಳಿಯಂದ್ರೇ."

ಬೀದಿಯ ಕೊನೆಗೆ ವೆಲ್ಡಿಂಗ್ ಅಂಗಡಿಯಿತ್ತು. ಪೆಟ್ಟಿಗೆಯನ್ನು ಅಲ್ಲಿಗೇ ತಳ್ಳಿಕೊಂಡು ಹೊರಟರು. ಮುಂದೆ ಲೆಫ್ಟ್-ರೈಟ್ ಹೇಳುತ್ತ ಮೇಷ್ಟ್ರು, ಪಕ್ಕದಲ್ಲಿ ಜಾಲರಿಗೆ ಮೂಗು ಒತ್ತಿಕೊಂಡೇ ನಡೆಯುತ್ತಿದ್ದ ದೊರೆ, ಹಿಂದೆ ಅರ್ಧ ಬೀದಿ. ಗ್ರಹಚಾರಕ್ಕೆ ಎದುರಿಗೇ ಸ್ಕೂಟರಿನಲ್ಲಿ ಹಾಸಿಗೆ ಅಂಗಡಿಯ ಮಾಲೀಕರು ಬಂದರು.

"ಏನಯ್ಯಾ, ಜ್ವರ ಅಂದಿದ್ದೆ?"

ಅಳಿಯ ಇಂಗು ತಿಂದ ಮಂಗನಂತೆ ನೋಡಿದ. ಗಂಡನ ಮಾನ ಉಳಿಸಲು ಹೆಂಡತಿ ಮುಂದೆ ಬಂದಳು.

"ಜ್ವರಾನೇ ಸಾರ್, ಅಂಟುಜ್ವರ. ಅದಕ್ಕೇ ಬೇರೆ ಇಟ್ಟಿದ್ದೀವಿ."

ಮಾಲೀಕರು ಮೂಗಿಗೆ ಕರವಸ್ತ್ರ ಹಿಡಿದು, ಕಾಲಲ್ಲೇ ಸ್ಕೂಟರನ್ನು ಹಿಂದಕ್ಕೆ ತಳ್ಳಿಕೊಂಡು ಹೋದರು. "ಒಂದು ತಿಂಗಳು ಅಂಗಡಿ ಕಡೆ ತಲೆ ಹಾಕ್ಬೇಡ!" ಎಂದು ದೂರದಿಂದ ಕೂಗಿದ್ದು ಎಲ್ಲರಿಗೂ ಕೇಳಿಸಿತು.

ವೆಲ್ಡರ್ ಪೆಟ್ಟಿಗೆಯನ್ನು ಸುತ್ತಿ ನೋಡಿದ. "ಗೇಟು ಕತ್ತರಿಸಿದ್ದೀನಿ, ಬೀರು ಕತ್ತರಿಸಿದ್ದೀನಿ. ಒಳಗೆ ಜನ ಇರೋದು ಇದೇ ಮೊದ್ಲು. ಅಲ್ಲಾಡ್ಬೇಡಿ, ಕಿವಿಗೆ ನಾನು ಜವಾಬ್ದಾರಿ ಅಲ್ಲ."

ಕಿಡಿ ಹಾರಿತು, ಚಿಲಕ ಕಳಚಿತು. ಮಡಚಿದಂತೆಯೇ ಹೊರಬಿದ್ದ ಅಳಿಯನ ಮುಖವನ್ನೆಲ್ಲ ದೊರೆ ನೆಕ್ಕಿತು. ಆಮೇಲೆ ಯಾರೂ ಹೇಳದೆ ತಾನಾಗಿ ಪೆಟ್ಟಿಗೆಯೊಳಗೆ ಹೋಗಿ ಮಲಗಿತು!

ಬೀದಿಯೇ ಚಪ್ಪಾಳೆ ತಟ್ಟಿತು. ಅಳಿಯನಿಗೆ ಸೊಂಟನೋವು ಮರೆತೇ ಹೋಯಿತು. ವೆಲ್ಡರ್ ಬಾಗಿಲಿಗೆ ತಂತಿ ಬಿಗಿದ. ಬಾಡಿಗೆ ವ್ಯಾನು ಹಿಡಿದು ಮಾವ, ಅಳಿಯ, ದೊರೆ ನಿಲ್ದಾಣ ತಲುಪುವಾಗ ರೈಲು ಇನ್ನೂ ನಿಂತಿತ್ತು. ಗಾರ್ಡು ಚುಚ್ಚುಮದ್ದಿನ ಕಾಗದ ನೋಡಿ, ಪೆಟ್ಟಿಗೆಯನ್ನು ತನ್ನ ಡಬ್ಬಿಗೆ ಏರಿಸಿಕೊಂಡ. ಅಳಿಯ ಕೈಮುಗಿದು ಒಂದು ಹೆಜ್ಜೆ ಹಿಂದೆ ಸರಿದ.

ದೊರೆ ಊಳಿಟ್ಟಿತು. ಪ್ಲಾಟ್‌ಫಾರಮ್ಮಿನ ಜನವೆಲ್ಲ ತಿರುಗಿ ನೋಡುವಂತೆ ಊಳಿಟ್ಟಿತು. ಅಳಿಯ ಹತ್ತಿರ ಬಂದ, ನಿಂತಿತು. ದೂರ ಹೋದ, ಮತ್ತೆ ಶುರುವಾಯಿತು.

"ಹೀಗಾದ್ರೆ ನನಗೆ ಸೀಟಿಯೇ ಕೇಳ್ಸಲ್ಲ. ಇಳಿಸಿ, ಇಳಿಸಿ!" ಎಂದ ಗಾರ್ಡು.

ಮಾವನ ಕಣ್ಣು ತುಂಬಿ ಬಂತು. "ಅಳಿಯಂದ್ರೇ, ಇದು ನಿಮ್ಮನ್ನ ಹಚ್ಕೊಂಡುಬಿಟ್ಟಿದೆ. ನಿಮ್ಮಿಬ್ರನ್ನ ಅಗಲಿಸಿದ್ರೆ ನನಗೆ ಪಾಪ ಬರುತ್ತೆ. ಇನ್ಮೇಲೆ ಇದು ನಿಮ್ದೇ."

"ಮಾವ, ನಾನೂ ಗಾರ್ಡ್ ಡಬ್ಬೀಲೇ ಕೂತು ಊರು ತನಕ ಬಂದು ಬಿಟ್ಟು ಬರ್ತೀನಿ!" ಅಳಿಯ ಗೋಗರೆದ.

"ಎಂಥಾ ಪ್ರೀತಿ!" ಎಂದು ಮಾವ ಬಿಕ್ಕುತ್ತಲೇ ಒಬ್ಬರೇ ರೈಲು ಹತ್ತಿದರು.

ರೈಲು ಹೊರಟಿತು. ಅಳಿಯ ಪೆಟ್ಟಿಗೆಯ ಮೇಲೆ ಕುಸಿದು ಕೂತ. ಆದರೂ ಲೆಕ್ಕ ಹಾಕಿ ನೋಡಿದರೆ ಅರ್ಧ ಪೀಡೆಯಂತೂ ಕಳೆದಿತ್ತು. ಮಾವನಾದರೂ ಹೋದರಲ್ಲ ಎಂದು ಅವನು ನೆಮ್ಮದಿಯ ಉಸಿರು ಬಿಡುವಷ್ಟರಲ್ಲಿ, ಕಿಟಕಿಯಿಂದ ಮಾವನ ತಲೆ ಹೊರಬಂತು.

"ಅಳಿಯಂದ್ರೇ! ದೊರೆ ಇಲ್ದೆ ಆ ಊರಲ್ಲಿ ನನಗೇನು ಕೆಲಸ? ಗಂಟುಮೂಟೆ ಕಟ್ಕೊಂಡು ಭಾನುವಾರಾನೇ ಬಂದ್ಬಿಡ್ತೀನಿ. ಅದರ ಹೆಂಡ್ತಿ, ಆರು ಮರಿಗಳ್ನೂ ಕರ್ಕೊಂಡು ಬರ್ತೀನಿ. ಎಲ್ಲಕ್ಕೂ ಚುಚ್ಚುಮದ್ದು ಆಗಿದೆ, ನೀವೇನೂ ಯೋಚ್ನೆ ಮಾಡ್ಬೇಡಿ!"