ಕ್ಯಾಪ್ಟನ್ನರ ಪಿಸ್ತೂಲಿಗೆ ಮೂರೇ ಹನಿ ಎಣ್ಣೆ

ಇಷ್ಟೆಲ್ಲ ರಾದ್ಧಾಂತಕ್ಕೆ ಮೂಲ ಕಾರಣ ಒಂದು ಬಿಳಿ ಕರವಸ್ತ್ರ. ಅದು ಸೆಕ್ಯುರಿಟಿ ಕಂಪನಿಗೆ ಹೊಸದಾಗಿ ಬಂದ ಇನ್‌ಸ್ಪೆಕ್ಟರರದು. ಅವರು ಬ್ಯಾಂಕಿಗೆ ಬಂದು, ಗಾರ್ಡಿನ ಪಿಸ್ತೂಲನ್ನು ಬಿಚ್ಚಿ, ಕರವಸ್ತ್ರದ ತುದಿಯನ್ನು ಬತ್ತಿಯ ಹಾಗೆ ಹೊಸೆದು ನಳಿಕೆಯೊಳಗೆ ತೂರಿಸಿ ಇನ್ನೊಂದು ಕಡೆಯಿಂದ ಎಳೆಯುತ್ತಾರಂತೆ. ಬೆಳ್ಳಗೆ ಹೊರಬಂದರೆ ಸರಿ. ಕಪ್ಪಾಗಿ ಬಂದರೆ ಆ ಗಾರ್ಡಿನ ಕತೆ ಮುಗಿಯಿತು.

ಹಳೆಯ ಇನ್‌ಸ್ಪೆಕ್ಟರರು ದೇವರಂಥವರು. ಪಿಸ್ತೂಲಿನ ಚರ್ಮದ ಚೀಲ ಹೊರಗಿನಿಂದ ಮಿಂಚಿದರೆ ಅವರಿಗೆ ಸಾಕಾಗಿತ್ತು. ಒಂದು ಲೋಟ ಟೀ ಕುಡಿದು ಸಹಿ ಹಾಕಿ ಹೋಗುತ್ತಿದ್ದರು. ಹಾಗಾಗಿ ನಮ್ಮ ಗಾರ್ಡು ಹನ್ನೊಂದು ವರ್ಷ ಚೀಲಕ್ಕೆ ಪಾಲಿಶ್ ತಿಕ್ಕಿದ್ದೇ ತಿಕ್ಕಿದ್ದು. ಒಳಗಿದ್ದದ್ದನ್ನು ಹೊರಗೆ ತೆಗೆಯುವ ಪ್ರಮೇಯ ಬರಲೇ ಇಲ್ಲ. ಬ್ಯಾಂಕನ್ನು ದರೋಡೆ ಮಾಡುವ ಮನಸ್ಸು ಯಾರಿಗೂ ಬರಲಿಲ್ಲ, ಅದು ಗಾರ್ಡಿನ ತಪ್ಪೇನೂ ಅಲ್ಲ.

ಬೀದಿಯವರೆಲ್ಲ ಅವರನ್ನು ಕ್ಯಾಪ್ಟನ್ ಎಂದು ಕರೆಯುತ್ತಿದ್ದರು. ಮೊದಮೊದಲು ಗೇಲಿಗೆ ಕರೆದದ್ದು, ಆಮೇಲೆ ರೂಢಿಯಾಯಿತು. ಕ್ಯಾಪ್ಟನ್ನರಿಗೆ ಜೀವನದಲ್ಲಿ ಹೆಚ್ಚಿನ ಆಸೆಗಳಿರಲಿಲ್ಲ. ಬ್ಯಾಂಕಿನ ಬಾಗಿಲ ಪಕ್ಕ ಒಂದು ಕುರ್ಚಿ ಇತ್ತು, ಕುರ್ಚಿಯ ನೆತ್ತಿಯ ಮೇಲೆ ಸರಿಯಾಗಿ ಒಂದು ಫ್ಯಾನು ಇತ್ತು. ಆ ಕುರ್ಚಿ, ಆ ಫ್ಯಾನು ನಿವೃತ್ತಿಯವರೆಗೆ ತಮ್ಮದಾಗಿದ್ದರೆ ಅವರಿಗೆ ಅಷ್ಟೇ ಸಾಕಿತ್ತು. ಆದರೆ ಹೋದ ತಿಂಗಳು ಬೇರೆ ಬ್ರಾಂಚಿನ ಗಾರ್ಡೊಬ್ಬನ ಪಿಸ್ತೂಲಿನಿಂದ ಕರವಸ್ತ್ರ ಕಾಡಿಗೆಯಾಗಿ ಹೊರಬಂದು, ಅವನನ್ನು ಊರಾಚೆಯ ಗೋಡೌನಿಗೆ ಹಾಕಿದ್ದರು. ಕಂಪನಿಯ ಹಳೆಯ ಪಿಸ್ತೂಲು, ಬಂದೂಕುಗಳನ್ನೆಲ್ಲ ಪೆಟ್ಟಿಗೆಗಳಲ್ಲಿ ತುಂಬಿಟ್ಟ ಜಾಗ ಅದು. ಮೇಲೆ ತಗಡಿನ ಮಾಡು, ಕೆಳಗೆ ಸೊಳ್ಳೆ. ಕೂರಲು ಪೆಟ್ಟಿಗೆಯೇ ಗತಿ. ಫ್ಯಾನಿನ ಮಾತೇ ಇಲ್ಲ.

ಗೋಡೌನಿಗಿಂತ ಕೆಟ್ಟದ್ದೂ ಒಂದಿತ್ತು. ಪಿಸ್ತೂಲನ್ನು ಗಾರ್ಡು ತಾನೇ ಕ್ಲೀನ್ ಮಾಡಬೇಕು, ಬೇರೆ ಯಾರ ಕೈಯೂ ಅದನ್ನು ಮುಟ್ಟಕೂಡದು ಎಂದು ಕಂಪನಿಯ ರೂಲು. ಮುಟ್ಟಿದ್ದು ಗೊತ್ತಾದರೆ ಗೋಡೌನೂ ಇಲ್ಲ, ಸೀದಾ ಮನೆ.

ಇಂದು ಸಂಜೆ ನಾಲ್ಕು ಗಂಟೆಗೆ ಇನ್‌ಸ್ಪೆಕ್ಷನ್. ಮ್ಯಾನೇಜರಿಂದ ಅರ್ಧ ದಿನ ರಜೆಯನ್ನೂ ಪಿಸ್ತೂಲನ್ನು ಮನೆಗೆ ಒಯ್ಯಲು ಒಪ್ಪಿಗೆ ಚೀಟಿಯನ್ನೂ ಪಡೆದಿದ್ದ ಕ್ಯಾಪ್ಟನ್ನರು ತಿಂಡಿ ಮುಗಿಸಿ, ಊಟದ ಟೇಬಲ್ಲಿನ ಮೇಲೆ ಹಳೆಯ ಪೇಪರು ಹಾಸಿದರು. ಗುಂಡು ತುಂಬಿದ ಮ್ಯಾಗಜೀನನ್ನು ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಪಿಸ್ತೂಲಿನೊಳಗೆ ಗುಂಡು ಉಳಿದಿಲ್ಲವೆಂದು ಮೂರು ಸಲ ನೋಡಿದರು. ಅವರ ಹೆಂಡತಿ ನಾಲ್ಕನೆಯ ಸಲ ನೋಡಿಸಿದಳು. ಆಮೇಲೆ ಕಂಪನಿ ಕೊಟ್ಟಿದ್ದ ಚಿತ್ರಗಳ ಹಾಳೆಯನ್ನು ಬಿಡಿಸಿಟ್ಟುಕೊಂಡು, ಒಂದನೇ ಚಿತ್ರದಲ್ಲಿ ಇದ್ದ ಹಾಗೆ ಪಿಸ್ತೂಲಿನ ಮೇಲಿನ ಭಾಗವನ್ನು ಹಿಂದಕ್ಕೆ ಎಳೆದರು, ಎರಡನೇ ಚಿತ್ರದಲ್ಲಿ ಇದ್ದ ಹಾಗೆ ಒಂದು ಕೀಲನ್ನು ತಿರುಗಿಸಿದರು. ಮೂರನೇ ಚಿತ್ರದಲ್ಲಿ ಸ್ಪ್ರಿಂಗನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕು ಎಂದಿತ್ತು. ಅದನ್ನು ಅವರು ಓದಿದ್ದು ಸ್ಪ್ರಿಂಗು ಹಾರಿಹೋದ ಮೇಲೆ.

ಅದು ಟಣ್ಣೆಂದು ಚಿಮ್ಮಿ ದೀಪದ ಶೇಡಿಗೆ ಬಡಿದದ್ದನ್ನು ಎಲ್ಲರೂ ಕೇಳಿದರು. ಎಲ್ಲಿ ಬಿತ್ತು ಎಂಬುದನ್ನು ಯಾರೂ ನೋಡಲಿಲ್ಲ.

"ಹೋಯ್ತಾ?" ಎಂದು ಹೆಂಡತಿ ಕೇಳಿದಳು.

"ಇಲ್ಲೇ ಎಲ್ಲೋ ಇರುತ್ತೆ," ಎಂದರು ಕ್ಯಾಪ್ಟನ್ನರು. ಹೇಳುವಾಗಲೇ ಅವರ ಕಣ್ಣ ಮುಂದೆ ತಗಡಿನ ಮಾಡು ಬಂದು ನಿಂತಿತ್ತು.

ಅವರ ಅತ್ತೆ ಬೆಳಗಿನಿಂದಲೂ ಮೂಲೆಯ ಕುರ್ಚಿಯಲ್ಲಿ ಕೂತು ಅಳಿಯನ ಕೆಲಸವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. ಈಗ ಹುಡುಕಾಟದ ಉಸ್ತುವಾರಿಯನ್ನು ಅವರೇ ವಹಿಸಿಕೊಂಡರು. ಮಂಚದ ಕೆಳಗೆ ನೋಡಿ ಎಂದರು, ಚಪ್ಪಲಿಗಳೊಳಗೆ ನೋಡಿ ಎಂದರು, ಪಾತ್ರೆಗಳನ್ನೆಲ್ಲ ಬೋರಲು ಹಾಕಿಸಿದರು. ಬೀರು ಸರಿಸಿದ ಸದ್ದಿಗೆ ಮಹಡಿಯ ಮೇಷ್ಟ್ರು ಇಳಿದು ಬಂದರು. ನಿವೃತ್ತರಾಗಿ ಆರು ವರ್ಷವಾದರೂ ಅವರಿಗೆ ಬೀದಿಯೆಲ್ಲ ಇನ್ನೂ ತರಗತಿಯೇ. ಸಂಗತಿ ಕೇಳಿ, ಆತುರಪಡುವವರ ಗತಿಯೇ ಹೀಗೆ ಎಂದು ಒಂದು ಪುಟ್ಟ ಭಾಷಣ ಮಾಡಿ, ಕೋಣೆಯನ್ನು ಸೀಮೆಸುಣ್ಣದಿಂದ ಹದಿನಾರು ಚೌಕ ಮಾಡಿ ಒಂದೊಂದನ್ನಾಗಿ ಹುಡುಕತಕ್ಕದ್ದು ಎಂದು ತೀರ್ಮಾನ ಕೊಟ್ಟರು. ಚೌಕ ಬರೆದೂಬಿಟ್ಟರು. ಕ್ಯಾಪ್ಟನ್ನರು ಮೊಣಕಾಲೂರಿ ಒಂದರಿಂದ ಹದಿನಾರರವರೆಗೂ ತೆವಳಿದರು. ಅತ್ತೆಯ ಕಳೆದುಹೋದ ಎರಡು ಗುಂಡಿ, ಒಂದು ಬಾಚಣಿಗೆ, ಹೆಂಡತಿ ಹೋದ ವರ್ಷ ಕಳೆದುಕೊಂಡು ಕೆಲಸದವಳ ಮೇಲೆ ಅನುಮಾನಪಟ್ಟಿದ್ದ ಬೆಳ್ಳಿಯ ಕಾಲುಂಗುರ, ಎಲ್ಲವೂ ಸಿಕ್ಕವು.

ಹನ್ನೊಂದೂವರೆಗೆ ಅತ್ತೆ ಕಾಲು ಜೋಮು ಹಿಡಿಯಿತೆಂದು ಎದ್ದರು. ಸ್ಪ್ರಿಂಗು ಅವರ ಕುರ್ಚಿಯ ಮೇಲಿತ್ತು.

"ಏನೋ ಒತ್ತುತ್ತಿತ್ತು ಅಳಿಯಂದ್ರೇ," ಎಂದರು ಅತ್ತೆ, "ದಿಂಬಿನ ಹತ್ತಿ ಗಂಟು ಕಟ್ಟಿದೆ ಅಂದ್ಕೊಂಡೆ."

ಕ್ಯಾಪ್ಟನ್ನರು ಸ್ಪ್ರಿಂಗನ್ನು ಎತ್ತಿಕೊಂಡರು. ಅತ್ತೆಯ ಎದುರು ಏನೂ ಹೇಳದಿರುವುದನ್ನು ಅವರು ಇಪ್ಪತ್ತು ವರ್ಷದಿಂದ ಅಭ್ಯಾಸ ಮಾಡಿದ್ದರು.

ಸ್ಪ್ರಿಂಗು ಸಿಕ್ಕಿತು, ಆದರೆ ಅಷ್ಟರಲ್ಲಿ ಪಿಸ್ತೂಲು ಕೈ ಬದಲಾಯಿಸಿತ್ತು. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಹಾಳೆಯನ್ನು ಗಟ್ಟಿಯಾಗಿ ಓದುತ್ತ, ನಡುನಡುವೆ ಅದರ ವ್ಯಾಕರಣ ತಿದ್ದುತ್ತ, ಉದಾಹರಣೆಗೆ ತೋರಿಸಲೆಂದು ಇನ್ನೂ ನಾಲ್ಕು ಭಾಗ ಬಿಚ್ಚಿಟ್ಟಿದ್ದರು. ಅವು ಯಾವ ಚಿತ್ರದಲ್ಲೂ ಇರಲಿಲ್ಲ. ಕ್ಯಾಪ್ಟನ್ನರು ನಳಿಕೆಗೆ ಬ್ರಷ್ ಹಾಕಿ ಉಜ್ಜಿದರು, ಹನ್ನೊಂದು ವರ್ಷದ ಧೂಳು ಹೊರಬಂತು. ಅದೊಂದು ಸಮಾಧಾನ. ಆಮೇಲೆ ಇಬ್ಬರೂ ಸೇರಿ ಜೋಡಿಸಿದರು. ಎಲ್ಲವೂ ಚೆನ್ನಾಗಿಯೇ ಕೂತಿತು, ಪೇಪರಿನ ಮೇಲೆ ಎರಡು ತುಂಡು ಉಳಿದವು ಅನ್ನುವುದನ್ನು ಬಿಟ್ಟರೆ.

ಇವು ಹೆಚ್ಚುವರಿಯಾಗಿ ಕೊಟ್ಟಿರಬೇಕು ಎಂದು ಮೇಷ್ಟ್ರು ಅಭಿಪ್ರಾಯಪಟ್ಟರು.

ಹೆಂಡತಿ ಕೈ ಒರೆಸಿಕೊಂಡು, ಎದುರುಮನೆಯ ಹೊಲಿಗೆ ಮೆಷಿನ್ ರಿಪೇರಿಯವನನ್ನು ಕರೆಯುತ್ತೇನೆ ಎಂದಳು. ಕ್ಯಾಪ್ಟನ್ನರ ಜೀವ ಬಾಯಿಗೆ ಬಂತು. ಈಗಾಗಲೇ ಮೇಷ್ಟ್ರ ಕೈ ಬಿದ್ದಿದೆ, ಸಾಲದ್ದಕ್ಕೆ ಬೀದಿಯವರನ್ನೆಲ್ಲ ಕರೆದು ಮುಟ್ಟಿಸಿದರೆ ಕೆಲಸ ಹೋಗುತ್ತದೆ ಎಂದು ರೇಗಿದರು.

"ರೀ, ಗಂಟೆ ಹನ್ನೆರಡಾಯ್ತು," ಎಂದಳು ಹೆಂಡತಿ. "ನಿಮ್ಮ ಕೈ ಒಂದೇ ಮುಟ್ಬೇಕು ಅಂದ್ರೆ ಹೇಳಿಬಿಡಿ. ನಾಳೆಯಿಂದ ಗೋಡೌನಿಗೆ ಬುತ್ತಿ ಕಟ್ತೀನಿ, ಸೊಳ್ಳೆಪರದೆ ನೀವೇ ಹೊತ್ಕೊಂಡು ಹೋಗಿ."

ರಿಪೇರಿಯವನು ಬಂದ.

ಅವನು ಕಡಿಮೆ ಮಾತಿನವನು. ಬಾಯಲ್ಲಿ ಸದಾ ಒಂದೆರಡು ಸ್ಕ್ರೂ ಕಚ್ಚಿಕೊಂಡಿರುತ್ತಿದ್ದರಿಂದ ಹಾಗಾಗಿತ್ತು. ಪಿಸ್ತೂಲನ್ನು ಎರಡು ಸಲ ತಿರುಗಿಸಿ ನೋಡಿದ. ಹೊಲಿಗೆ ಮೆಷಿನ್ನಿಗಿಂತ ಸಲೀಸು, ಇದರಲ್ಲಿ ದಾರ ಪೋಣಿಸುವ ತಾಪತ್ರಯ ಇಲ್ಲವಲ್ಲ ಎಂದ. ಪೂರ್ತಿ ಬಿಚ್ಚಿದ. ಒಂದೊಂದು ಭಾಗವನ್ನೂ ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಉಜ್ಜಿ, ಅಂಗಿಯ ಅಸ್ತರಿನ ಪಟ್ಟಿಯನ್ನು ನಳಿಕೆಯಲ್ಲಿ ಆ ಕಡೆ ಈ ಕಡೆ ಎಳೆದು, ಕಾಲು ಗಂಟೆಯಲ್ಲಿ ಎಲ್ಲವನ್ನೂ ಜೋಡಿಸಿದ. ಉಳಿದಿದ್ದ ಎರಡು ತುಂಡೂ ತಮ್ಮತಮ್ಮ ಮನೆ ಸೇರಿದವು. ಕೊನೆಗೆ ತನ್ನ ಉದ್ದ ಮೂತಿಯ ಎಣ್ಣೆಡಬ್ಬಿಯಿಂದ ಅಲ್ಲೊಂದು ಇಲ್ಲೊಂದು ಹನಿ ಬಿಟ್ಟ.

"ಮೂರೇ ಹನಿ ಅಣ್ಣಾ," ಎಂದ. "ನಾಲ್ಕನೇದು ಬಿದ್ರೆ ನಾನು ಜವಾಬ್ದಾರ ಅಲ್ಲ."

ಕ್ಯಾಪ್ಟನ್ನರಿಗೆ ಅವನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಎಲ್ಲರಿಂದಲೂ ಒಂದೇ ಭಾಷೆ ತೆಗೆದುಕೊಂಡರು: ಈ ವಿಷಯ ಈ ಕೋಣೆ ದಾಟಬಾರದು. ನಿರಾಳವಾಗಿ ಸ್ನಾನಕ್ಕೆ ಹೋದರು. ತಪ್ಪು ಮಾಡಿದ್ದು ಅಲ್ಲೇ.

ಅವರ ಸ್ನಾನ ಮುಗಿಯುವಷ್ಟರಲ್ಲಿ, ಮೂರು ಹನಿ ಯಾವ ಮೂಲೆಗೆ ಎಂದು ಅತ್ತೆ ಮರುಗಿ, ತಾವು ತಲೆಗೆ ಹಚ್ಚುವ ಎಣ್ಣೆಯನ್ನು ಪಿಸ್ತೂಲಿಗೆ ಉದಾರವಾಗಿ ಸವರಿದ್ದರು. ಮೇಷ್ಟ್ರು ವೈಜ್ಞಾನಿಕವಾಗಿ ಯೋಚಿಸಿ ಮಹಡಿಯಿಂದ ಸೈಕಲ್ ಎಣ್ಣೆ ತಂದು ಬಿಟ್ಟಿದ್ದರು. ಇವರಿಬ್ಬರ ಕೆಲಸ ಗೊತ್ತಿಲ್ಲದ ಹೆಂಡತಿ, ಅಡುಗೆಮನೆಯ ಬಾಗಿಲ ಕೀಲಿಗೆ ಹಾಕುವ ಎಣ್ಣೆಯನ್ನು ಇದಕ್ಕೂ ಎರಡು ಚಮಚ ಹಾಕಿ, ಗಂಡನಿಗೆ ಒಳ್ಳೆಯದಾಗಲಿ ಎಂದುಕೊಂಡು ಚೀಲಕ್ಕೆ ತುಂಬಿಟ್ಟಿದ್ದಳು.

ಬೀರುವಿನ ಮ್ಯಾಗಜೀನನ್ನು ಜೇಬಿಗೆ ಹಾಕಿಕೊಂಡು ಹೊರಟ ಕ್ಯಾಪ್ಟನ್ನರ ಬಲತೊಡೆ, ಬಸ್ಸಿನಲ್ಲಿ ಮೂರನೇ ಸ್ಟಾಪು ಬರುವ ಹೊತ್ತಿಗೆ ತಣ್ಣಗಾಯಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಮೊದಲು ಅವರ ಪ್ಯಾಂಟನ್ನು, ಆಮೇಲೆ ಅವರ ಮುಖವನ್ನು ನೋಡಿ, ಪಾಪ ಎನ್ನುವಂತೆ ಆಚೆ ಸರಿದಳು. ಕೆಳಗೆ ನೋಡಿದರೆ ಚೀಲದ ತುದಿಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಬ್ಯಾಂಕು ತಲುಪಿದವರೇ ಕ್ಯಾಪ್ಟನ್ನರು ಬಚ್ಚಲಿಗೆ ನುಗ್ಗಿ ಅಗಣಿ ಹಾಕಿಕೊಂಡರು. ಒರೆಸಲು ಬಟ್ಟೆ ಇರಲಿಲ್ಲ. ಅಂಗಿ ಬಿಚ್ಚಿ, ಬನಿಯನ್ನು ತೆಗೆದು, ಪಿಸ್ತೂಲನ್ನು ಒರೆಸಿದ್ದೇ ಒರೆಸಿದ್ದು. ಬನಿಯನ್ನಿನ ತೋಳನ್ನು ಸೀಳಿ ಹೊಸೆದು ನಳಿಕೆಯಲ್ಲೂ ಎಳೆದರು. ನಾಲ್ಕು ಬಗೆಯ ಎಣ್ಣೆ ಕುಡಿದು ಒಂದು ಬನಿಯನ್ನಿನ ಉಜ್ಜು ಕಂಡ ಆ ಪಿಸ್ತೂಲು ಕನ್ನಡಿಯ ಹಾಗೆ ಹೊಳೆಯತೊಡಗಿತು. ಅದರಲ್ಲಿ ತಮ್ಮ ಮೀಸೆ ನೋಡಿಕೊಂಡು ಕ್ಯಾಪ್ಟನ್ನರಿಗೆ ಮೊದಲ ಸಲ ಧೈರ್ಯ ಬಂತು.

ನಾಲ್ಕಕ್ಕೆ ಸರಿಯಾಗಿ ಇನ್‌ಸ್ಪೆಕ್ಟರರು ಬಂದರು. ಮ್ಯಾನೇಜರ ಕೋಣೆಯಲ್ಲಿ ಕೂತು ತಾವೇ ಪಿಸ್ತೂಲು ಬಿಚ್ಚಿದರು. ಕರವಸ್ತ್ರ ಹೊಸೆದು ತೂರಿಸಿ ಎಳೆದರು. ಬೆಳ್ಳಗೆ ಹೊರಬಂತು. ನಂಬದೆ ಇನ್ನೊಂದು ತುದಿ ಹೊಸೆದು ಎಳೆದರು. ಅದೂ ಬೆಳ್ಳಗೆ. ಪಿಸ್ತೂಲನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದನ್ನ ಯಾರು ಮಾಡಿದ್ದು?"

"ನಾನೇ ಸಾರ್," ಎಂದರು ಕ್ಯಾಪ್ಟನ್ನರು.

"ಬೇರೆ ಯಾರಾದ್ರೂ ಮುಟ್ಟಿದ್ರಾ?"

ಮೇಷ್ಟ್ರು, ರಿಪೇರಿಯವನು, ಅತ್ತೆ, ಹೆಂಡತಿ, ಎಲ್ಲರೂ ಕ್ಯಾಪ್ಟನ್ನರ ಕಣ್ಣ ಮುಂದೆ ಸಾಲಾಗಿ ಹಾದುಹೋದರು. "ಮನೇಲಿ ಯಾರೂ ಅದರ ಹತ್ತಿರ ಸುಳಿಯಲ್ಲ ಸಾರ್," ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಏನಾಗುತ್ತಿತ್ತೋ. ಆದರೆ ಹನ್ನೊಂದು ವರ್ಷದಲ್ಲಿ ಯಾರೂ ಅವರನ್ನು ಇಷ್ಟು ಗೌರವದಿಂದ ನೋಡಿರಲಿಲ್ಲ. ಪ್ರತಿ ಭಾನುವಾರವೂ ಪೂರ್ತಿ ಬಿಚ್ಚಿ ಜೋಡಿಸುವುದುಂಟು, ಅದು ತಮಗೆ ಕೆಲಸ ಅನ್ನಿಸುವುದೇ ಇಲ್ಲ, ಮಾಡದಿದ್ದರೆ ರಾತ್ರಿ ನಿದ್ದೆ ಹತ್ತುವುದಿಲ್ಲ ಎಂದು ಒಂದರ ಮೇಲೊಂದು ಬಿಟ್ಟರು. ಮ್ಯಾನೇಜರು ಬಾಯಿ ತೆರೆದು ಕೇಳುತ್ತಿದ್ದರು.

ಇನ್‌ಸ್ಪೆಕ್ಟರರು ಬ್ಯಾಗಿನಿಂದ ಒಂದು ಕಾಗದ ತೆಗೆದು ಬರೆಯಲು ಶುರುಮಾಡಿದರು. ಬಡ್ತಿಯೇ ಇರಬೇಕೆಂದು ಕ್ಯಾಪ್ಟನ್ನರ ಎದೆ ಉಬ್ಬಿತು.

ಗೋಡೌನಿನಲ್ಲಿ ಕಂಪನಿಯ ಇನ್ನೂರ ಹತ್ತು ಪಿಸ್ತೂಲು ತುಕ್ಕು ಹಿಡಿದು ಕೂತಿವೆ ಎಂದು ಇನ್‌ಸ್ಪೆಕ್ಟರರು ಬರೆಯುತ್ತಲೇ ವಿವರಿಸಿದರು. ಶಿಕ್ಷೆಯೆಂದು ಅಲ್ಲಿಗೆ ಹಾಕಿದ ಗಾರ್ಡು ಹಿಂದಿಗಿಂತ ಸೋಮಾರಿಯಾಗಿದ್ದಾನೆ, ಒಂದು ತಿಂಗಳಲ್ಲಿ ಒಂದು ಪೆಟ್ಟಿಗೆಯನ್ನೂ ತೆರೆದಿಲ್ಲ. ಕೈಯಲ್ಲಿ ಕಲೆಯಿದ್ದು, ಮನಸ್ಸಿನಲ್ಲಿ ಶ್ರದ್ಧೆಯಿದ್ದು, ಯಾರ ಸಹಾಯವನ್ನೂ ಬೇಡದೆ ಒಬ್ಬನೇ ಕೂತು ಕೆಲಸ ಮಾಡುವಂಥ ಮನುಷ್ಯನಿಗಾಗಿ ತಾವು ಊರೂರು ಹುಡುಕುತ್ತಿದ್ದುದಾಗಿ ಹೇಳಿದರು.

"ನಾಳೆಯಿಂದ ನೀವು ಗೋಡೌನಿಗೆ," ಎಂದರು. "ನಿವೃತ್ತಿಯವರೆಗೂ ಅಲ್ಲೇ ಇರಿ. ಯಾರೂ ನಿಮ್ಮನ್ನ ಅಲ್ಲಾಡಿಸದ ಹಾಗೆ ನಾನು ನೋಡ್ಕೋತೀನಿ."

ಕ್ಯಾಪ್ಟನ್ನರ ಕಿವಿಯಲ್ಲಿ ಸೊಳ್ಳೆ ಗುಂಯ್‌ಗುಟ್ಟಿತು. "ಸಾರ್, ನಿಜ ಹೇಳ್ಬೇಕು ಅಂದ್ರೆ..." ಎಂದರು.

ಇನ್‌ಸ್ಪೆಕ್ಟರರ ಪೆನ್ನು ನಿಂತಿತು. "ಹೇಳಿ. ಬೇರೆಯವರ ಕೈ ಏನಾದ್ರೂ ಬಿದ್ದಿದ್ರೆ ಈಗಲೇ ಹೇಳಿಬಿಡಿ. ಇದನ್ನ ಹರಿದು ಬೇರೆ ಕಾಗದ ಬರೀಬೇಕಾಗುತ್ತೆ."

ಕ್ಯಾಪ್ಟನ್ನರು ಬೆನ್ನು ನೆಟ್ಟಗೆ ಮಾಡಿ ಸಲ್ಯೂಟ್ ಹೊಡೆದರು.

"ನಿಜ ಹೇಳ್ಬೇಕು ಅಂದ್ರೆ, ತುಂಬ ಸಂತೋಷ ಆಯ್ತು ಸಾರ್."

ಕಾಗದಕ್ಕೆ ಸಹಿ ಬಿತ್ತು. ಈ ಬಾಗಿಲಿಗೆ ಇನ್ನು ಯಾರು ಎಂದು ಮ್ಯಾನೇಜರು ವಿಚಾರಿಸಿದರು. ಇನ್‌ಸ್ಪೆಕ್ಟರರು ನಿಟ್ಟುಸಿರು ಬಿಟ್ಟರು. ಗೋಡೌನಿನವನನ್ನು ಅಷ್ಟೊಂದು ಪಿಸ್ತೂಲುಗಳ ಜೊತೆ ಇನ್ನೊಂದು ದಿನವೂ ಬಿಡುವುದು ಅಪಾಯ, ಈ ಬ್ಯಾಂಕಿನಲ್ಲಾದರೆ ಇರುವುದು ಒಂದೇ ಪಿಸ್ತೂಲು, ಹಾಳು ಮಾಡಿದರೂ ಅಷ್ಟೇ ತಾನೇ ಎಂದರು. ಅವನನ್ನು ಜೀಪಿನಲ್ಲಿ ಕರೆದುಕೊಂಡೇ ಬಂದಿದ್ದರು.

ಅವನು ಒಳಗೆ ಬಂದ. ದುಂಡುಮುಖ, ಮೈಕೈಯೆಲ್ಲ ಸೊಳ್ಳೆ ಕಚ್ಚಿದ ಗುಳ್ಳೆ, ಆದರೂ ನಗುಮುಖ. ಕ್ಯಾಪ್ಟನ್ನರಿಗೆ ನಮಸ್ಕಾರ ಮಾಡಿ, ಅವರ ಜೊತೆಗೇ ಬಾಗಿಲಿಗೆ ಹೋಗಿ ಆ ಕುರ್ಚಿಯಲ್ಲಿ ಕೂತು, ಬೆನ್ನು ಒರಗಿಸಿ, ಕಾಲು ಚಾಚಿ ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಿನ ಮೇಲೆ ಒಂದು ಕಣ್ಣು ತೆರೆದು ಮೇಲೆ ನೋಡಿದ.

"ಅಣ್ಣಾ, ಹೇಗೂ ನಿಂತೇ ಇದೀರಲ್ಲ," ಎಂದ. "ಈ ಫ್ಯಾನು ಇನ್ನೊಂದು ಚೂರು ಜೋರು ಮಾಡಿ."